ಹಿರಿಯರ ಸಾವು, ಸಮಾಧಿಯ ದಾಖಲೆಗಳು ತಾಳೆಯಾಗದಿದ್ದರೆ: ಮೈಸೂರು-ಮಂಡ್ಯ ಸೀಮೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ವಂಶವೃಕ್ಷ ಬರೆಯಲು ಕೂತವರು, ಪೌತಿ ಖಾತೆಗೆ, ಅಂದರೆ ಸತ್ತವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಲು ಓಡಾಡುತ್ತಿರುವವರು, ಮುತ್ತಾತನ ಸಮಾಧಿ ಯಾವ ಹೊಲದಲ್ಲಿದೆ ಎಂದು ಹುಡುಕುತ್ತಿರುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿವು. ನಿಮ್ಮ ಮನೆಯ ತೊಡಕಿಗೆ ಹತ್ತಿರವಾದದ್ದನ್ನು ಮೊದಲು ಓದಿ, ಉಳಿದವನ್ನು ಆಮೇಲೆ ನೋಡಿಕೊಳ್ಳಬಹುದು.

ಮುತ್ತಾತ ತೀರಿಕೊಂಡ ದಿನ ಒಂದು ಕಾಗದದಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ ಇದೆ. ಯಾವುದನ್ನು ನಂಬಲಿ?

ಆತುರಪಟ್ಟು ಒಂದನ್ನು ಆರಿಸಿಕೊಳ್ಳಬೇಡಿ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ನಾಲ್ಕು ಮಾತು ಕೇಳಿ: ಬರೆದವರು ಯಾರು, ಯಾವಾಗ ಬರೆದರು, ಯಾರು ಹೇಳಿ ಬರೆಸಿದರು, ಯಾವ ಕೆಲಸಕ್ಕೆ ಬರೆಸಿದರು. ಸಾವಾದ ವಾರದಲ್ಲೇ, ಆ ಮನೆಯಲ್ಲಿದ್ದವರು ಹೇಳಿ ಬರೆಸಿದ ಒಂದೇ ಸಾಲಿಗೆ ಇರುವ ತೂಕ ಮೂವತ್ತು ವರ್ಷ ಕಳೆದ ಮೇಲೆ ಜಮೀನಿನ ಸಲುವಾಗಿ ಮೊಮ್ಮಗ ಮಾಡಿಸಿದ ಅಫಿಡವಿಟ್ಟಿಗೆ ಇಲ್ಲ, ಅದಕ್ಕೆ ನೋಟರಿ ಮೊಹರು ಇದ್ದರೂ ಅಷ್ಟೇ.

ಇನ್ನೂ ಒಂದು ಸಂಗತಿ. ಜಗಳದಂತೆ ಕಾಣುವ ಎಷ್ಟೋ ತಾರೀಖುಗಳು ನಿಜವಾಗಿ ಜಗಳವಾಡುತ್ತಿರುವುದಿಲ್ಲ. ಒಂದರಲ್ಲಿ ಇರುವುದು ಪ್ರಾಣ ಹೋದ ದಿನ, ಇನ್ನೊಂದರಲ್ಲಿ ಮಣ್ಣು ಮಾಡಿದ ದಿನ, ಮತ್ತೊಂದರಲ್ಲಿ ರಿಜಿಸ್ಟರಿಗೆ ಏರಿಸಿದ ದಿನ, ಮಗದೊಂದರಲ್ಲಿ ಖಾತೆ ಬದಲಾದ ದಿನ. ಪ್ರತಿ ತಾರೀಖಿನ ಪಕ್ಕದಲ್ಲಿ ಅದು ಯಾವುದರ ತಾರೀಖು ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿದರೆ ಅರ್ಧ ಗೋಜಲು ಅಲ್ಲೇ ಬಿಡಿಸಿಕೊಳ್ಳುತ್ತದೆ.

ಒಂದೇ ದಿನದ ವ್ಯತ್ಯಾಸ ಇದ್ದರೆ?

ರಾತ್ರಿ ಸತ್ತವರ ವಿಷಯದಲ್ಲಿ ಇದು ತೀರಾ ಮಾಮೂಲು. ನಮ್ಮ ಲೆಕ್ಕದಲ್ಲಿ ದಿನ ಶುರುವಾಗುವುದು ಸೂರ್ಯೋದಯಕ್ಕೆ. ಸೋಮವಾರ ಕಳೆದು ರಾತ್ರಿ ಎರಡು ಗಂಟೆಗೆ ಪ್ರಾಣ ಹೋದರೆ ಊರಿನವರ ಬಾಯಲ್ಲಿ ಅದು ಸೋಮವಾರವೇ, ಆಸ್ಪತ್ರೆಯ ಕಾಗದದಲ್ಲಿ ಮಂಗಳವಾರ. ಮುಸ್ಲಿಂ ಮನೆಗಳಲ್ಲಿ ಹಿಜರಿ ದಿನ ಸೂರ್ಯಾಸ್ತಕ್ಕೇ ಬದಲಾಗುವುದರಿಂದ ಮಗ್ರಿಬ್ ಆದ ಮೇಲೆ ತೀರಿಕೊಂಡವರಿಗೆ ಒಂದು ದಿನ ಮುಂದಕ್ಕೆ ಹೋಗಿರುತ್ತದೆ. ಸಾವಿನ ಹೊತ್ತು ಗೊತ್ತಿದ್ದರೆ ತಪ್ಪದೆ ಬರೆದಿಡಿ.

ಮರಣ ಪ್ರಮಾಣಪತ್ರವೇ ಕೈಯಲ್ಲಿದೆ. ಇನ್ನೂ ಯಾಕೆ ಹುಡುಕಬೇಕು?

ಆ ಪತ್ರದಲ್ಲಿ ಎರಡು ತಾರೀಖು ಇರುತ್ತವೆ, ಮರಣದ ದಿನಾಂಕ ಮತ್ತು ನೋಂದಣಿಯ ದಿನಾಂಕ. ಎರಡರ ನಡುವೆ ಎಷ್ಟು ಅಂತರವಿದೆ ಎಂದು ಮೊದಲು ನೋಡಿ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ 21 ದಿನದೊಳಗೆ ತಿಳಿಸಬೇಕು. 30 ದಿನದವರೆಗೆ ತಡವಾದರೆ ದಂಡಶುಲ್ಕ, ಒಂದು ವರ್ಷದವರೆಗೆ ಅಧಿಕಾರಿಯ ಲಿಖಿತ ಅನುಮತಿ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ವಾರದೊಳಗೆ ನೋಂದಾಯಿಸಿದ ಸಾವಾದರೆ ಆ ತಾರೀಖನ್ನು ಧೈರ್ಯವಾಗಿ ನಂಬಬಹುದು. ಇಪ್ಪತ್ತು ವರ್ಷದ ಮೇಲೆ ಆದೇಶ ತಂದು ಮಾಡಿಸಿದ್ದಾದರೆ, ಅದು ಬರೆಸಿದವರ ನೆನಪು ಎಷ್ಟು ಗಟ್ಟಿಯೋ ಅಷ್ಟೇ ಗಟ್ಟಿ. ಇಂಥ ಪತ್ರಗಳಲ್ಲಿ ಜನವರಿ 1, ಜೂನ್ 1 ಎಂಬಂಥ ತಾರೀಖು ಕಂಡರೆ ದಿನ ನೆನಪಿಲ್ಲದವರು ಅಂದಾಜಿನಲ್ಲಿ ಬರೆಸಿರಬಹುದು ಎಂದು ಅನುಮಾನಿಸಿ.

ಸಾವಿನ ಕಾರಣ ಪ್ರಮಾಣಪತ್ರದಲ್ಲಿ ಇಲ್ಲವಲ್ಲ ಎಂದು ಹಲವರು ಕೇಳುತ್ತಾರೆ. ರಿಜಿಸ್ಟರಿನಲ್ಲಿ ಬರೆದಿದ್ದರೂ ನಕಲಿನಲ್ಲಿ ಅದನ್ನು ತೋರಿಸಕೂಡದು ಎಂದು ಕಾಯ್ದೆಯೇ ಹೇಳುತ್ತದೆ.

ಹಳ್ಳಿಯಲ್ಲಿ ಕೇಳಿದರೆ ನಮ್ಮ ರಿಜಿಸ್ಟರಿನಲ್ಲಿ ಇಲ್ಲ ಎನ್ನುತ್ತಾರೆ. ಸಮಾಧಿ ಮಾತ್ರ ಅಲ್ಲೇ ಇದೆ.

ಸಾವು ನೋಂದಣಿಯಾಗುವುದು ಸತ್ತ ಜಾಗದಲ್ಲಿ. ಹೂತ ಜಾಗ, ಸ್ವಂತ ಊರು ಯಾವುದೂ ಲೆಕ್ಕಕ್ಕಿಲ್ಲ. ಮದ್ದೂರು, ಮಳವಳ್ಳಿ, ಕೆ.ಆರ್. ಪೇಟೆ ಕಡೆಯಿಂದ ಕಾಯಿಲೆಯವರನ್ನು ಮೈಸೂರಿನ ಕೆ.ಆರ್. ಆಸ್ಪತ್ರೆಗೆ ಕರೆತರುವುದು ಎಷ್ಟೋ ತಲೆಮಾರಿನಿಂದ ನಡೆದುಬಂದಿದೆ. ಕ್ಷಯ ಬಂದವರನ್ನು ಸ್ಯಾನಿಟೋರಿಯಂಗೆ ಸೇರಿಸುತ್ತಿದ್ದರು. ಅಲ್ಲಿ ಕೊನೆಯುಸಿರೆಳೆದವರ ನಮೂದು ಮೈಸೂರು ನಗರದ ಪುಸ್ತಕದಲ್ಲಿರುತ್ತದೆ, ದೇಹ ಮಾತ್ರ ಊರಿಗೆ ಬಂದಿರುತ್ತದೆ. ದಾರಿಯಲ್ಲೇ ಪ್ರಾಣ ಹೋಗಿದ್ದರೆ ಊರಿನಲ್ಲಿ ಸತ್ತರು ಎಂದೇ ಬರೆಸಿರುವುದೂ ಉಂಟು. ಎರಡೂ ಕಡೆ ನಮೂದಾಗಿ, ಎರಡೂ ಕಡೆ ಬೇರೆ ಬೇರೆ ತಾರೀಖು ಬಿದ್ದ ಕುಟುಂಬಗಳಿವೆ. ಆಗ ಆಸ್ಪತ್ರೆಯಿಂದ ಹೋದ ನಮೂದನ್ನೇ ಮುಂದಿಟ್ಟುಕೊಳ್ಳುವುದು ಒಳ್ಳೆಯದು, ಅದನ್ನು ಬರೆದವರಿಗೆ ಜಮೀನಿನ ಹಂಗಿರಲಿಲ್ಲ.

ಹಳೆಯ ಸಾವಾದರೆ ಜಿಲ್ಲೆ, ತಾಲೂಕಿನ ಹೆಸರೂ ದಾರಿ ತಪ್ಪಿಸುತ್ತದೆ. ಮಂಡ್ಯ ಜಿಲ್ಲೆಯಾದದ್ದು 1939ರಲ್ಲಿ. ಅದಕ್ಕೂ ಮುಂಚಿನ ಕಾಗದಗಳಲ್ಲಿ ನಿಮ್ಮ ಊರು ಮೈಸೂರು ಡಿಸ್ಟ್ರಿಕ್ಟಿನಲ್ಲೇ ಇರುತ್ತದೆ. ಪಾಂಡವಪುರವನ್ನು ಫ್ರೆಂಚ್ ರಾಕ್ಸ್ ಅಥವಾ ಹಿರೋಡೆ ಎಂದು, ಕೃಷ್ಣರಾಜಪೇಟೆಯನ್ನು ಅತ್ತಿಗುಪ್ಪೆ ಎಂದು, ಕೃಷ್ಣರಾಜನಗರದ ಸೀಮೆಯನ್ನು ಎಡತೊರೆ ಎಂದು ಹುಡುಕಬೇಕಾಗುತ್ತದೆ. ಚಾಮರಾಜನಗರ ಬೇರೆಯಾದದ್ದು 1997ರಲ್ಲಿ, ಆದ್ದರಿಂದ ಆ ಕಡೆಯವರ ಹಳೆಯ ಕಡತಗಳಿಗೂ ಮೈಸೂರಿಗೇ ಬರಬೇಕು.

ಪಟೇಲರು, ಶಾನುಭೋಗರ ಕಾಲದ ಪುಸ್ತಕಗಳು ಈಗ ಎಲ್ಲಿ ಸಿಗುತ್ತವೆ?

ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಮೊದಲು ಕೇಳಿ. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದು ಮಾಡುವ 1961ರ ಕಾಯ್ದೆ ಜಾರಿಗೆ ಬಂದಾಗ ಶಾನುಭೋಗಿಕೆ ಹೋಯಿತು, ಆದರೆ ಕೆಲವು ಕಡೆ ಕಡತಗಳು ಆ ಮನೆಗಳ ಅಟ್ಟದಲ್ಲೇ ಉಳಿದವು. ಹಳೆಯ ಶಾನುಭೋಗರ ಮನೆಯವರನ್ನು ಮರ್ಯಾದೆಯಿಂದ ವಿಚಾರಿಸಿದರೆ ಎಷ್ಟೋ ಸಲ ಕಟ್ಟು ಬಿಚ್ಚಿ ತೋರಿಸುತ್ತಾರೆ. ಸಂಸ್ಥಾನದ ಕಾಲದ ಕಡತಗಳಿಗೆ ರಾಜ್ಯ ಪತ್ರಾಗಾರ ಇಲಾಖೆಯ ಮೈಸೂರು ವಿಭಾಗೀಯ ಕಚೇರಿ ಇದೆ. ಅಲ್ಲಿ ಒಬ್ಬ ರೈತನ ಸಾವು ನೇರವಾಗಿ ಸಿಗುವುದು ಅಪರೂಪ. ಆದರೆ ಆತ ಸರ್ಕಾರಿ ನೌಕರನೋ ಇನಾಂದಾರನೋ ಆಗಿದ್ದರೆ ಹುಡುಕಲೇಬೇಕು.

ಪಹಣಿಯಲ್ಲಿ ತಾತನ ಹೆಸರು 1978ರವರೆಗೂ ಇದೆ. ಮನೆಯವರು 1959ರಲ್ಲೇ ಹೋದರು ಎನ್ನುತ್ತಾರೆ.

ಮನೆಯವರ ಮಾತೇ ಸರಿ ಇರುವ ಸಾಧ್ಯತೆ ಹೆಚ್ಚು. ಸತ್ತವರ ಹೆಸರು ಪಹಣಿಯಿಂದ ತಾನಾಗಿ ಹೋಗುವುದಿಲ್ಲ. ಯಾರಾದರೂ ಅರ್ಜಿ ಕೊಟ್ಟು ಪೌತಿ ಖಾತೆ ಮಾಡಿಸಿಕೊಳ್ಳುವವರೆಗೂ ಅದು ಹಾಗೇ ಇರುತ್ತದೆ, ಮಾಡಿಸಿಕೊಳ್ಳುವುದು ಸಾಲ ಬೇಕಾದಾಗಲೋ ಭಾಗವಾಗುವಾಗಲೋ. ಮ್ಯುಟೇಷನ್ ರಿಜಿಸ್ಟರಿನಲ್ಲಿ ‘ಖಾತೆದಾರರು ಮೃತಪಟ್ಟಿರುವುದರಿಂದ ಪೌತಿ ಮೇರೆಗೆ’ ಎಂದು ಬರೆದ ತಾರೀಖು ಖಾತೆಯದು. ಅದರಿಂದ ಗಟ್ಟಿಯಾಗಿ ಹೇಳಬಹುದಾದ್ದು ಒಂದೇ, ಆ ದಿನಕ್ಕೆ ಮುಂಚೆ ಸಾವಾಗಿತ್ತು. ಮತದಾರರ ಪಟ್ಟಿಯಲ್ಲೂ ಪಡಿತರ ಚೀಟಿಯಲ್ಲೂ ಇದೇ ಕತೆ.

ಕ್ರಯಪತ್ರಗಳು ಮಾತ್ರ ಬಂಗಾರದಂಥ ಸಾಕ್ಷಿ. ನಮ್ಮ ಕಡೆಯ ಪತ್ರಗಳಲ್ಲಿ ಮಗನ ಹೆಸರಿನ ಮುಂದೆ ‘ಬಿನ್’, ಹೆಂಡತಿಯ ಹೆಸರಿನ ಮುಂದೆ ‘ಕೋಂ’ ಎಂದು ಬರೆಯುತ್ತಾರೆ. 1957ರ ಪತ್ರದಲ್ಲಿ ‘ಬಿನ್ ನಿಂಗೇಗೌಡ’ ಎಂದಿದ್ದು 1960ರ ಪತ್ರದಲ್ಲಿ ‘ಬಿನ್ ಲೇಟ್ ನಿಂಗೇಗೌಡ’ ಎಂದಾಗಿದ್ದರೆ ಸಾವು ಆ ನಡುವಿನದು ಎನ್ನಲು ಒಳ್ಳೆಯ ಸುಳಿವು ಸಿಕ್ಕಿತು. ‘ಲೇಟ್’ ಇಲ್ಲ ಎಂದ ಮಾತ್ರಕ್ಕೆ ಬದುಕಿದ್ದರು ಎನ್ನಲಾಗದು, ಪತ್ರ ಬರಹಗಾರರು ಬಿಟ್ಟಿರಬಹುದು. ಆದರೆ ತಾತನೇ ಸಬ್ ರಿಜಿಸ್ಟ್ರಾರ್ ಮುಂದೆ ಹೆಬ್ಬೆಟ್ಟು ಒತ್ತಿದ್ದರೆ ಆ ದಿನ ಬದುಕಿದ್ದರು ಎಂಬುದು ಬಹುಮಟ್ಟಿಗೆ ಖಚಿತ. ಹೀಗೆ ಆಚೆ ಒಂದು ಗೂಟ, ಈಚೆ ಒಂದು ಗೂಟ ನೆಟ್ಟುಕೊಂಡರೆ ಯಾವ ದಾಖಲೆಯೂ ಇಲ್ಲದ ಸಾವನ್ನೂ ಎರಡು ಮೂರು ವರ್ಷದ ಅಂತರಕ್ಕೆ ತರಬಹುದು.

ಸಮಾಧಿ ಕಲ್ಲಿನ ಮೇಲೆ ಸಂವತ್ಸರ, ಮಾಸ, ತಿಥಿ ಇದೆ. ಇಂಗ್ಲಿಷ್ ತಾರೀಖಿಗೆ ಹೇಗೆ ತರುವುದು?

ಈ ಪ್ರಶ್ನೆಗೆ ಸ್ವಲ್ಪ ನಿಧಾನಿಸಿ ಉತ್ತರಿಸಬೇಕು, ಕುಟುಂಬಗಳು ಅತಿ ಹೆಚ್ಚು ಎಡವುವುದು ಇಲ್ಲೇ.

ಮೊದಲನೆಯದು ವರ್ಷದ ಗಡಿ. ಸಂವತ್ಸರ ಬದಲಾಗುವುದು ಯುಗಾದಿಗೆ. ಪಾರ್ಥಿವ ಸಂವತ್ಸರ ಎಂದರೆ 1945ರ ಯುಗಾದಿಯಿಂದ 1946ರ ಯುಗಾದಿಯವರೆಗೆ. ಕಲ್ಲಿನ ಮೇಲೆ ‘ಪಾರ್ಥಿವ ಸಂ॥ ಮಾಘ ಬಹುಳ ಪಂಚಮಿ’ ಎಂದಿದ್ದರೆ ಅದು ಬೀಳುವುದು 1946ರ ಫೆಬ್ರವರಿಯಲ್ಲಿ. ಮನೆಯಲ್ಲಿ ಯಾರೋ ಪಾರ್ಥಿವ ಎಂದರೆ 1945 ಎಂದು ಬರೆದುಕೊಂಡು, ರಿಜಿಸ್ಟರಿನಲ್ಲಿ 1946 ಕಂಡಾಗ ರಿಜಿಸ್ಟರೇ ತಪ್ಪು ಎಂದು ವಾದಿಸುತ್ತಾರೆ. ಪುಷ್ಯ, ಮಾಘ, ಫಾಲ್ಗುಣದ ಸಾವುಗಳನ್ನೆಲ್ಲ ಈ ಕಣ್ಣಿನಿಂದ ಇನ್ನೊಮ್ಮೆ ನೋಡಿ.

ಎರಡನೆಯದು, ಸಂವತ್ಸರದ ಹೆಸರು ಅರವತ್ತು ವರ್ಷಕ್ಕೆ ಮತ್ತೆ ಬರುತ್ತದೆ. ಈಶ್ವರ ಸಂವತ್ಸರ 1877-78ರಲ್ಲೂ ಇತ್ತು, 1937-38ರಲ್ಲೂ ಇತ್ತು. 1876ರಿಂದ 78ರವರೆಗಿನ ಘೋರ ಕ್ಷಾಮವನ್ನು ನಮ್ಮ ಹಿರಿಯರು ಧಾತು-ಈಶ್ವರದ ಬರ ಎಂದೇ ಕರೆಯುತ್ತಿದ್ದರು. ಹಾಗಾಗಿ ‘ಈಶ್ವರದಲ್ಲಿ ಹೋದರಂತೆ’ ಎಂದು ಕೇಳಿದ ಕೂಡಲೇ ಬರದಲ್ಲಿ ಸತ್ತರು ಎಂಬ ಕತೆ ಹುಟ್ಟಿಕೊಳ್ಳುತ್ತದೆ. ಆತನ ಕೊನೆಯ ಮಗ ಹುಟ್ಟಿದ್ದು 1920ರಲ್ಲಾದರೆ ಸಾವು ಎರಡನೆಯ ಈಶ್ವರದ್ದು, ಅದರಲ್ಲಿ ಮಾತೇ ಇಲ್ಲ. ಸಂವತ್ಸರ ಕಂಡಾಗಲೆಲ್ಲ ಮಕ್ಕಳ ವಯಸ್ಸನ್ನು ಪಕ್ಕದಲ್ಲಿಟ್ಟು ತಾಳೆ ನೋಡಿ.

ಮೂರನೆಯದು ಅಂಕಿಗಳು. ಕನ್ನಡ ಅಂಕಿಯಲ್ಲಿ ಕೊರೆದ ಕಲ್ಲು ಮಳೆಬಿಸಿಲಿಗೆ ಸವೆದರೆ ೬ ಮತ್ತು ೯ ಒಂದೇ ಥರ ಕಾಣುತ್ತವೆ, ೧ರ ಬಾಯಿ ಮುಚ್ಚಿ ೦ ಆಗುತ್ತದೆ. ವರ್ಷ ವರ್ಷ ಹೊಡೆದ ಸುಣ್ಣ ಗೆರೆಯೊಳಗೆ ಕೂತು ಇನ್ನಷ್ಟು ಮರೆಸುತ್ತದೆ. ಕಲ್ಲನ್ನು ಚೂಪಾದ ವಸ್ತುವಿನಿಂದ ಕೆರೆಯಬೇಡಿ, ಅಕ್ಷರವೇ ಎದ್ದುಹೋಗುತ್ತದೆ. ಬೆಳಗ್ಗೆ ಏಳರ ಹೊತ್ತಿಗೋ ಸಂಜೆ ಐದರ ಹೊತ್ತಿಗೋ, ಬಿಸಿಲು ಓರೆಯಾಗಿ ಬೀಳುವಾಗ ಹೋಗಿ. ಮಧ್ಯಾಹ್ನ ಏನೂ ಕಾಣದ ಕಲ್ಲಿನಲ್ಲೂ ಗೆರೆಗಳ ನೆರಳು ಎದ್ದು ಬರುತ್ತದೆ. ಮನೆಯೊಳಗಿನ ಕಲ್ಲಾದರೆ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ. ಕಲ್ಲಿನಲ್ಲಿ ವಾರವೂ ಇದ್ದರೆ ನಿಮ್ಮ ಅದೃಷ್ಟ. ಅನುಮಾನವಿರುವ ಎರಡೂ ವರ್ಷಗಳ ಪಂಚಾಂಗ ತೆರೆದು, ಆ ತಿಥಿ ಆ ವಾರಕ್ಕೆ ಬಿದ್ದದ್ದು ಯಾವ ವರ್ಷ ಎಂದು ನೋಡಿದರೆ ಸಾಮಾನ್ಯವಾಗಿ ತೀರ್ಮಾನವಾಗುತ್ತದೆ.

ಇಷ್ಟೆಲ್ಲ ಆದರೂ ಕಲ್ಲು ಸಾವಿನ ವರ್ಷವೇ ನೆಟ್ಟದ್ದು ಎಂದುಕೊಳ್ಳಬೇಡಿ. ಎಷ್ಟೋ ಸಮಾಧಿಗಳಿಗೆ ಕಲ್ಲು ಬಂದದ್ದು ಮಕ್ಕಳ ಕೈಯಲ್ಲಿ ನಾಲ್ಕು ಕಾಸು ಓಡಾಡಿದ ಮೇಲೆ.

ನಾವು ಪಿತೃಪಕ್ಷದಲ್ಲಿ ಎಡೆ ಇಡುತ್ತೇವೆ. ಹಾಗಾದರೆ ಸತ್ತದ್ದು ಭಾದ್ರಪದದಲ್ಲೇ?

ಅಲ್ಲ. ಮಹಾಲಯ ಅಮಾವಾಸ್ಯೆ ಎಲ್ಲ ಹಿರಿಯರಿಗೂ ಸೇರಿದ ದಿನ, ಸಾವಿನ ದಿನ ಗೊತ್ತಿಲ್ಲದವರಿಗೆ ಅದೇ ಗತಿ. ಪ್ರತಿವರ್ಷ ಪ್ರತ್ಯೇಕ ತಿಥಿಯಲ್ಲಿ ಶ್ರಾದ್ಧ ಮಾಡುವ ಮನೆಗಳಲ್ಲಿ ಮಾತ್ರ ಆ ತಿಥಿ ಒಳ್ಳೆಯ ಸಾಕ್ಷಿ. ವರ್ಷ ಮರೆತಿದ್ದರೂ ಮಾಸ, ಪಕ್ಷ, ತಿಥಿ ತಲೆಮಾರು ದಾಟಿ ಉಳಿದಿರುತ್ತವೆ.

ಪೆಟ್ಟಿಗೆಯಲ್ಲಿ ತಿಥಿ ಕಾರ್ಡು, ಕೈಲಾಸ ಸಮಾರಾಧನೆಯದೋ ವೈಕುಂಠ ಸಮಾರಾಧನೆಯದೋ ಶಿವಗಣಾರಾಧನೆಯದೋ ಕಾಗದ ಸಿಕ್ಕರೆ ಪೂರ್ತಿ ಓದಿ. ದಪ್ಪಕ್ಷರದಲ್ಲಿರುವುದು ಕಾರ್ಯದ ದಿನ. ಸಾವಿನ ದಿನ ಮೇಲಿನ ಒಕ್ಕಣೆಯೊಳಗೆ ಸಣ್ಣದಾಗಿ ಇರುತ್ತದೆ.

ಒಬ್ಬರಿಗೇ ಎರಡು ಕಡೆ ಸಮಾಧಿ ತೋರಿಸುತ್ತಾರೆ. ಹೀಗೂ ಇರುತ್ತದೆಯೇ?

ಇರುತ್ತದೆ, ಅದಕ್ಕೆ ಶ್ರೀರಂಗಪಟ್ಟಣಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ. ಹೈದರಾಲಿ ತೀರಿಕೊಂಡದ್ದು 1782ರ ಡಿಸೆಂಬರಿನಲ್ಲಿ, ಚಿತ್ತೂರಿನ ಹತ್ತಿರದ ದಂಡಿನ ಬಿಡಾರದಲ್ಲಿ. ದೇಹವನ್ನು ಮೊದಲು ಕೋಲಾರಕ್ಕೆ ಒಯ್ದು ತಂದೆಯ ಗೋರಿಯ ಬಳಿ ಇಟ್ಟರು, ಆಮೇಲೆ ಶ್ರೀರಂಗಪಟ್ಟಣದ ಗುಂಬಜಿಗೆ ತಂದರು. ಟಿಪ್ಪು ಮಲಬಾರಿನ ಕಡೆಯಿಂದ ಬಂದು ಸೇರುವವರೆಗೆ ಸಾವನ್ನು ಗುಟ್ಟಾಗಿಟ್ಟಿದ್ದರು. ಕೆಲವರು ಡಿಸೆಂಬರ್ 6 ಎಂದು, ಹೆಚ್ಚಿನವರು 7 ಎಂದು ಬರೆದಿರುವುದನ್ನು ಓದುವಾಗ ಈ ಗುಟ್ಟು ನೆನಪಿರಲಿ. ಇನ್ನು 1799ರ ಮೇ 4ರಂದು ಟಿಪ್ಪು ಬಿದ್ದ ಜಾಗದಲ್ಲಿ ಒಂದು ಕಲ್ಲಿದೆ. ಅದು ಗೋರಿಯಲ್ಲ, ಗೋರಿ ಇರುವುದು ಗುಂಬಜಿನಲ್ಲಿ, ತಂದೆತಾಯಿಯ ಪಕ್ಕ.

ನಮ್ಮ ನಿಮ್ಮ ಮನೆಗಳಲ್ಲೂ ಇದೇ ನಡೆಯುತ್ತದೆ. ಸತ್ತ ಜಾಗ ಒಂದು, ಮೊದಲು ಇಟ್ಟ ಜಾಗ ಒಂದು, ನೆನಪಿಗೆ ಕಲ್ಲು ಹಾಕಿಸಿದ ಜಾಗ ಇನ್ನೊಂದು. ಸುಟ್ಟವರ ವಿಷಯದಲ್ಲಿ ಬೂದಿಯನ್ನು ಪಶ್ಚಿಮವಾಹಿನಿಯಲ್ಲೋ ಸಂಗಮದಲ್ಲೋ ಬಿಟ್ಟು ಬಂದು, ತೋಟದ ಮೂಲೆಯಲ್ಲಿ ಪೂಜೆಗೆಂದು ಒಂದು ಗುಡಿ ಕಟ್ಟಿರುತ್ತಾರೆ. ಎರಡು ತಲೆಮಾರು ಕಳೆದರೆ ಆ ಗುಡಿಯೇ ಸಮಾಧಿ ಎನಿಸಿಕೊಳ್ಳುತ್ತದೆ. ಯಾವುದು ಅಸಲಿ ಎಂದು ದಾಯಾದಿಗಳ ಜೊತೆ ಪಟ್ಟು ಹಿಡಿಯುವ ಮೊದಲು, ಎರಡೂ ನಿಜವಾಗಿರಲು ದಾರಿ ಇದೆಯೇ ಎಂದು ಯೋಚಿಸಿ.

ಸಮಾಧಿ ಕೆ.ಆರ್.ಎಸ್. ಹಿನ್ನೀರಿನಲ್ಲಿ ಮುಳುಗಿದೆ ಎನ್ನುತ್ತಾರೆ, ಇನ್ನೊಬ್ಬರು ಹೊಸ ಊರಿನಲ್ಲೇ ಇದೆ ಎನ್ನುತ್ತಾರೆ.

ಅಣೆಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ, ಮುಗಿಯಲು ಇಪ್ಪತ್ತು ವರ್ಷ ಹಿಡಿಯಿತು. ಹಳೆ ಕನ್ನಂಬಾಡಿಯೂ ಸೇರಿ ಹಲವು ಊರುಗಳು ನೀರಿನಡಿಗೆ ಹೋದವು, ಜನ ಒಂದೇ ದಿನ ಎದ್ದು ಹೋಗಲಿಲ್ಲ. ಆದ್ದರಿಂದ ಕೇಳಬೇಕಾದ್ದು ಹೀಗೆ: ಸಾವಾದ ವರ್ಷಕ್ಕೆ ನಿಮ್ಮ ಮನೆ ಹಳೆ ಊರಿನಲ್ಲಿತ್ತೇ, ಹೊಸ ಊರಿಗೆ ಬಂದಿತ್ತೇ? ಪರಿಹಾರದ ಕಾಗದ, ಹೊಸ ಜಮೀನಿನ ಮೊದಲ ಖಾತೆ ಸಿಕ್ಕರೆ ಅದು ತಿಳಿಯುತ್ತದೆ. ಊರು ಬಿಡುವಾಗ ಕೆಲವರು ಹಿರಿಯರ ಸಮಾಧಿಯ ಮಣ್ಣನ್ನೋ ಕಲ್ಲನ್ನೋ ಜೊತೆಗೆ ತಂದಿರುತ್ತಾರೆ, ಅದನ್ನೂ ವಿಚಾರಿಸಿ.

ಒಂದೇ ಹೆಸರಿನ ಇಬ್ಬರು ಇದ್ದರೆ?

ತಾತನ ಹೆಸರು ಮೊಮ್ಮಗನಿಗೆ ಇಡುವ ಸೀಮೆ ನಮ್ಮದು. ಒಂದೇ ಬೀದಿಯಲ್ಲಿ ಮೂವರು ಬೋರೇಗೌಡರು, ಒಂದೇ ಮನೆಯಲ್ಲಿ ದೊಡ್ಡತಾಯಮ್ಮ, ಚಿಕ್ಕತಾಯಮ್ಮ. ರಿಜಿಸ್ಟರಿನಲ್ಲಿ ‘ದೊಡ್ಡ’, ‘ಚಿಕ್ಕ’ ಬಿಟ್ಟುಹೋದರೆ ಇಬ್ಬರ ಸಾವು ಒಂದಾಗಿಬಿಡುತ್ತದೆ. ದಾಖಲೆಗಳು ಹತ್ತಿಪ್ಪತ್ತು ವರ್ಷ ದೂರದಲ್ಲಿದ್ದರೆ ಯಾವುದು ತಪ್ಪು ಎನ್ನುವ ಮುಂಚೆ ಇದು ಇಬ್ಬರ ಕತೆಯೇ ಎಂದು ಕೇಳಿಕೊಳ್ಳಿ. ತಂದೆಯ ಹೆಸರು, ಹೆಂಡತಿಯ ಹೆಸರು, ವಯಸ್ಸು ಮೂರೂ ಕೂಡಿಬಂದರೆ ಮಾತ್ರ ಒಬ್ಬರೇ ಎನ್ನಿ. ಊರಿನ ಹೆಸರಿಗೂ ಇದೇ ಎಚ್ಚರ ಬೇಕು. ಹೊಸಹಳ್ಳಿ ಎಂಬ ಊರು ಎಷ್ಟಿವೆಯೋ, ಹೋಬಳಿ ಸಮೇತ ಬರೆಯಿರಿ. ನಿಮ್ಮ ಮನೆತನಕ್ಕೆ ಹೆಳವರು, ಅಂದರೆ ಮನೆತನಗಳ ವಂಶಾವಳಿ ಹೇಳುವವರು ಬರುತ್ತಿದ್ದರೆ ತಲೆಮಾರಿನ ಕ್ರಮಕ್ಕೆ ಅವರ ಮಾತು ಬೆಲೆಯುಳ್ಳದ್ದು.

ಕ್ರೈಸ್ತ, ಮುಸ್ಲಿಂ ಕುಟುಂಬಗಳವರು ಎಲ್ಲಿ ನೋಡಬೇಕು?

ಚರ್ಚಿನ ಸಮಾಧಿ ರಿಜಿಸ್ಟರು ಸರ್ಕಾರಿ ಪುಸ್ತಕಕ್ಕಿಂತ ಎಷ್ಟೋ ವೇಳೆ ಹಳೆಯದು, ನಂಬಿಕಸ್ಥವೂ ಹೌದು, ಅಂತ್ಯಕ್ರಿಯೆ ಮಾಡಿಸಿದ ಗುರುಗಳೇ ಆ ಹೊತ್ತಿಗೆ ಬರೆದಿರುತ್ತಾರೆ. ಹಳೆಯ ಕ್ಯಾಥೊಲಿಕ್ ಪುಸ್ತಕಗಳು ಲ್ಯಾಟಿನ್‌ನಲ್ಲಿರುತ್ತವೆ, ಓದಲು ಗುರುಗಳ ಸಹಾಯ ಕೇಳಿ. ಆ ವ್ಯಕ್ತಿ ಯಾವ ಧರ್ಮಕೇಂದ್ರಕ್ಕೆ ಸೇರಿದ್ದರು ಎಂಬುದು ಮುಖ್ಯ, ಇಂದಿನ ಮನೆಯ ಹತ್ತಿರದ ಚರ್ಚಿನಲ್ಲಿ ಹುಡುಕಿ ಫಲವಿಲ್ಲ. ಮುಸ್ಲಿಂ ಕುಟುಂಬಗಳಿಗೆ ಮಸೀದಿಯ ಜಮಾತು ಮತ್ತು ಖಬರಸ್ತಾನದ ಪುಸ್ತಕ. ಹಿಜರಿ ವರ್ಷ ನಮ್ಮ ಕ್ಯಾಲೆಂಡರಿಗಿಂತ ಸುಮಾರು 11 ದಿನ ಚಿಕ್ಕದು, 1365 ಎಂದರೆ 1945ರ ಡಿಸೆಂಬರಿನಿಂದ 1946ರ ನವೆಂಬರಿನವರೆಗೆ.

ಮನೆಯ ಹಿರಿಯರೇ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

‘ಯಾವ ಇಸವಿ’ ಎಂದು ಕೇಳಿದರೆ ಅಜ್ಜಿಗೆ ಗೊತ್ತಿರುವುದಿಲ್ಲ. ‘ಅಜ್ಜಿ, ಗಾಂಧಿ ಸತ್ತಾಗ ತಾತ ಇದ್ದರಾ?’ ಎಂದು ಕೇಳಿ. ಅವರ ಬದುಕಿಗೆ ತಾಗಿದ ಘಟನೆಗಳನ್ನು ಹಿಡಿಯಿರಿ: 1918ರ ಇನ್‌ಫ್ಲುಯೆಂಜಾ, 1924ರ ಕಾವೇರಿ ಪ್ರವಾಹ, ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಶುರುವಾದದ್ದು, 1938ರ ಶಿವಪುರದ ಧ್ವಜ ಸತ್ಯಾಗ್ರಹ, 1940ರ ಆಗಸ್ಟಿನಲ್ಲಿ ನಾಲ್ವಡಿಯವರು ತೀರಿಕೊಂಡದ್ದು, 1948ರ ಜನವರಿ 30. ಯಾರ ಮದುವೆಗೆ ತಾತ ಇದ್ದರು, ಯಾರ ಹೆರಿಗೆಗೆ ಇರಲಿಲ್ಲ ಎಂದೂ ಕೇಳಿ. ಹೆಂಗಸರಿಗೆ ಇದು ಕರಾರುವಾಕ್ಕಾಗಿ ನೆನಪಿರುತ್ತದೆ, ನಾನಂತೂ ಗಂಡಸರು ಹೇಳುವ ಇಸವಿಗಿಂತ ಅದಕ್ಕೇ ಹೆಚ್ಚು ಬೆಲೆ ಕೊಡುತ್ತೇನೆ. ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ಕೇಳಿ. ಎಲ್ಲರನ್ನೂ ಜಗುಲಿಯ ಮೇಲೆ ಕೂರಿಸಿ ಕೇಳಿದರೆ ಜೋರು ದನಿಯವರ ಮಾತೇ ಉಳಿಯುತ್ತದೆ.

ಒಂದೆರಡು ವರ್ಷ ಹೆಚ್ಚುಕಡಿಮೆಯಾದರೆ ಏನು ನಷ್ಟ?

ವಂಶವೃಕ್ಷಕ್ಕೆ ಅಂಥ ನಷ್ಟವಿಲ್ಲ. ಆಸ್ತಿಗೆ ಬಹಳ ಇದೆ. ಹಿಂದೂ ಉತ್ತರಾಧಿಕಾರ ಕಾಯ್ದೆ ಜಾರಿಗೆ ಬಂದದ್ದು 1956ರ ಜೂನ್ 17ರಂದು. ಆ ದಿನಕ್ಕೆ ಮುಂಚೆ ಸತ್ತರೇ, ಆಮೇಲೆ ಸತ್ತರೇ ಎಂಬುದರ ಮೇಲೆ ಹೆಂಡತಿಗೆ, ಹೆಣ್ಣುಮಕ್ಕಳಿಗೆ ಏನು ಸೇರುತ್ತಿತ್ತು ಎಂಬುದೇ ಬದಲಾಗುತ್ತದೆ. ಅದಕ್ಕೂ ಹಿಂದಿನ ಸಾವಾದರೆ ಮೈಸೂರು ಸಂಸ್ಥಾನದ 1933ರ ಹಿಂದೂ ಮಹಿಳಾ ಹಕ್ಕುಗಳ ಕಾಯ್ದೆಯನ್ನೂ ವಕೀಲರು ನೋಡುತ್ತಾರೆ. 1955 ಎಂದು ಒಂದು ಕಡೆ, 1957 ಎಂದು ಇನ್ನೊಂದು ಕಡೆ ಇದ್ದರೆ ಅತ್ತೆಯರ ಪಾಲು ನಿಂತಿರುವುದೇ ಆ ಎರಡು ವರ್ಷದ ಮೇಲೆ. ಅದರಿಂದಲೇ ಇಂಥ ಗಡಿಯ ಆಚೀಚೆ ಬೀಳುವ ತಾರೀಖನ್ನು, ಯಾರ ಲಾಭಕ್ಕೆ ಬರೆಸಿದ್ದು ಎಂದು ಕೇಳದೆ ಒಪ್ಪಿಕೊಳ್ಳಬಾರದು.

ತಪ್ಪು ತಾರೀಖನ್ನು ತಿದ್ದಿಸುವುದು ಹೇಗೆ? ನೋಂದಣಿಯೇ ಆಗಿಲ್ಲದಿದ್ದರೆ?

ತಿದ್ದುಪಡಿಗೆ ಜನನ ಮರಣ ನೋಂದಣಿ ಕಾಯ್ದೆಯ 15ನೇ ಕಲಂ ಇದೆ. ಸಾಕ್ಷಿಯೊಂದಿಗೆ ಆ ನಮೂದು ಇರುವ ಕಡೆಯ ನೋಂದಣಾಧಿಕಾರಿಗೆ ಅರ್ಜಿ ಕೊಡಬೇಕು. ಮೂಲ ಬರಹವನ್ನು ಅಳಿಸುವುದಿಲ್ಲ, ಅಂಚಿನಲ್ಲಿ ತಿದ್ದುಪಡಿ ಬರೆದು ತಾರೀಖು ಹಾಕಿ ರುಜು ಮಾಡುತ್ತಾರೆ. ಎಂದೂ ನೋಂದಣಿಯಾಗದ ಸಾವಿಗೆ ಮೊದಲು ಅಲಭ್ಯತಾ ಪ್ರಮಾಣಪತ್ರ, ಅಂದರೆ ರಿಜಿಸ್ಟರಿನಲ್ಲಿ ಆ ನಮೂದು ಇಲ್ಲ ಎಂಬ ಪತ್ರ ಪಡೆಯಿರಿ. ವರ್ಷ ದಾಟಿದ ಪ್ರಕರಣಗಳಲ್ಲಿ ಆದೇಶ ಕೊಡುವ ಅಧಿಕಾರವನ್ನು 2023ರ ತಿದ್ದುಪಡಿ ಕಾಯ್ದೆ ಜಿಲ್ಲಾ ದಂಡಾಧಿಕಾರಿ, ಉಪವಿಭಾಗೀಯ ದಂಡಾಧಿಕಾರಿ ಅಥವಾ ಜಿಲ್ಲಾ ದಂಡಾಧಿಕಾರಿ ನೇಮಿಸಿದ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ಕೊಟ್ಟಿದೆ. ಆಸ್ತಿಯ ತಕರಾರು ಕೂಡಿಕೊಂಡಿದ್ದರೆ ವಕೀಲರನ್ನು ಕಾಣದೆ ಮುಂದಡಿ ಇಡಬೇಡಿ.

ಮನೆ ಬಿಟ್ಟು ಹೋದವರು, ಮತ್ತೆ ಬರಲೇ ಇಲ್ಲ. ಅವರ ಸಾವಿನ ದಿನ?

ಏಳು ವರ್ಷ ಸುದ್ದಿಯೇ ಇಲ್ಲದಿದ್ದರೆ ಸತ್ತಿದ್ದಾರೆ ಎಂದು ಕಾನೂನು ಭಾವಿಸುತ್ತದೆ. ಯಾವ ದಿನ ಸತ್ತರು ಎಂಬುದನ್ನು ಮಾತ್ರ ಭಾವಿಸುವುದಿಲ್ಲ, ಅದನ್ನು ಬೇಕಾದವರು ಸಾಬೀತು ಮಾಡಬೇಕು. ವಂಶವೃಕ್ಷದಲ್ಲಿ ಕೊನೆಯ ಬಾರಿ ಕಂಡ ವರ್ಷವನ್ನೇ ಬರೆಯಿರಿ.

ಹಳೆ ಸಮಾಧಿ ಕುಸಿದಿದೆ, ಹೊಸ ಕಲ್ಲು ಹಾಕಿಸುತ್ತಿದ್ದೇವೆ. ತಾರೀಖು ಇನ್ನೂ ತೀರ್ಮಾನವಾಗಿಲ್ಲ. ಏನು ಬರೆಸಲಿ?

ಗಟ್ಟಿಯಾಗಿ ಗೊತ್ತಿರುವಷ್ಟನ್ನೇ ಬರೆಸಿ. ಹೆಸರು, ತಂದೆಯ ಹೆಸರು, ಊರು, ಸಂವತ್ಸರ ಗೊತ್ತಿದ್ದರೆ ಸಂವತ್ಸರ. ದಿನ ಅನುಮಾನವಿದ್ದರೆ ಬಿಟ್ಟುಬಿಡಿ. ಗ್ರಾನೈಟಿನಲ್ಲಿ ಕೊರೆದ ಊಹೆ ಐವತ್ತು ವರ್ಷದ ಮೇಲೆ ನಿಮ್ಮ ಮೊಮ್ಮಕ್ಕಳ ಪಾಲಿಗೆ ದಾಖಲೆಯಾಗುತ್ತದೆ. ಎರಡೂ ತಾರೀಖು, ಅವು ಬಂದ ಮೂಲ, ನೀವು ಒಂದನ್ನು ಒಪ್ಪಿದ್ದರೆ ಅದರ ಕಾರಣ, ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಜಮೀನಿನ ಕಾಗದಪತ್ರಗಳ ಜೊತೆಗಿಡಿ. ಹಳೆ ಕಲ್ಲನ್ನು ಅಡಿಪಾಯಕ್ಕೆ ಹಾಕಲು ಗಾರೆಯವರು ಕೇಳುತ್ತಾರೆ, ಕೊಡಬೇಡಿ. ಕೀಳುವ ಮುಂಚೆ ನಾಲ್ಕೂ ಮಗ್ಗುಲಿನಿಂದ ಫೋಟೊ ತೆಗೆದುಕೊಂಡು, ಅದೇ ಕಟ್ಟೆಯ ಪಕ್ಕದಲ್ಲಿ ಅಕ್ಷರ ಕಾಣುವಂತೆ ನಿಲ್ಲಿಸಿ.